ವಾರ್ಧಕ್ಯದಲ್ಲಿ ಶ್ರವಣಪ್ರಯಾಸ: ‘ಸರಿದೂಗಿಕೆ’ ಎಂಬ ಕಲ್ಪನೆಯ ವಿಮರ್ಶೆ

ವಯಸ್ಸಾದವರು ಮಾತು ಕೇಳುವ ವಿಷಯದಲ್ಲಿ ಹೇಳುವ ದೂರು ಬಹುಮಟ್ಟಿಗೆ ಎಲ್ಲ ಕಡೆಯೂ ಒಂದೇ: ನೀವು ಮಾತನಾಡುವುದು ಕೇಳಿಸುತ್ತದೆ, ಏನೆಂದಿರೆಂಬುದು ತಿಳಿಯುವುದಿಲ್ಲ. ಕೇಳುವುದು ಬೇರೆ, ತಿಳಿಯುವುದು ಬೇರೆ ಎಂಬ ಭೇದವನ್ನು ಅವರು ತಮ್ಮ ಅನುಭವದಿಂದಲೇ ಗುರುತಿಸಿದ್ದಾರೆ. ಲೋಕವು ಆ ಭೇದವನ್ನು ಗಣನೆಗೆ ತರದೆ, ಅರವತ್ತಕ್ಕೆ ಅರಳುಮರಳು ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತದೆ. ಮಿದುಳಿನ ಚಿತ್ರಣವನ್ನು ಸಾಧನವಾಗಿ ಹಿಡಿದು ಕಳೆದ ಎರಡು ಮೂರು ದಶಕಗಳಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡ ವಿದ್ವಾಂಸರಾದರೋ ಲೋಕಕ್ಕಿಂತ ಉದಾರವಾದ ತೀರ್ಪನ್ನು ಕೊಟ್ಟಿದ್ದಾರೆ. ಮುಪ್ಪಿನ ಮಿದುಳು ಸುಮ್ಮನೆ ಸೋಲುವುದಿಲ್ಲ. ಕಿವಿಯಿಂದ ಬಾರದುದನ್ನು ಹೆಚ್ಚು ದುಡಿದು ಸರಿದೂಗಿಸಿಕೊಳ್ಳುತ್ತದೆ ಎಂಬುದು ಅವರಲ್ಲಿ ಅನೇಕರ ಮತ. ಈ ಮತ ಹಿತವಾದುದು. ಹಿತವಾದುದೆಂಬ ಕಾರಣದಿಂದಲೇ ಅದನ್ನು ಸ್ವಲ್ಪ ನಿಷ್ಠುರವಾಗಿ ಪರೀಕ್ಷಿಸುವುದು ಅವಶ್ಯಕವೆಂದು ನಮಗೆ ತೋರುತ್ತದೆ.

ಮೊದಲು ಕಿವಿಯ ವಿಚಾರ. ವಯಸ್ಸಿನೊಡನೆ ಬರುವ ಶ್ರವಣಹಾನಿ ಸಾಮಾನ್ಯವಾಗಿ ಹೆಚ್ಚಿನ ಆವರ್ತನದ, ಎಂದರೆ ಎತ್ತರದ ಧ್ವನಿಗಳಿಂದ ಮೊದಲಾಗುತ್ತದೆ. ಸ್ವರಾಕ್ಷರಗಳ ಶಕ್ತಿ ಬಹುಪಾಲು ಕೆಳಗಿನ ಆವರ್ತನಗಳಲ್ಲಿ ಇರುವುದು. ಸಕಾರ ಶಕಾರಗಳನ್ನೂ ತಕಾರ ಕಕಾರಗಳ ಭೇದವನ್ನೂ ತೋರಿಸಿಕೊಡುವ ಸೂಕ್ಷ್ಮ ಸೂಚನೆಗಳು ಮೇಲಿನವುಗಳಲ್ಲಿ. ಆದಕಾರಣ ಯಾರೋ ಮಾತನಾಡುತ್ತಿದ್ದಾರೆಂಬುದು ಸ್ಪಷ್ಟವಾಗಿಯೇ ಕೇಳುತ್ತದೆ. ‘ಹಾಸು’ ಎಂದರೋ ‘ಹಾಕು’ ಎಂದರೋ, ‘ತಟ್ಟೆ’ಯೋ ‘ಕಟ್ಟೆ’ಯೋ ಎಂಬುದನ್ನು ಸಂದರ್ಭದಿಂದ ಊಹಿಸಿಕೊಳ್ಳಬೇಕಾಗುತ್ತದೆ. ಇದಲ್ಲದೆ, ನಿಶ್ಶಬ್ದವಾದ ಕೋಣೆಯಲ್ಲಿ ಶುದ್ಧನಾದಗಳಿಂದ ನಡೆಸಿದ ಪರೀಕ್ಷೆಯಲ್ಲಿ ಉತ್ತಮವಾಗಿ ತೇರ್ಗಡೆಯಾದ ವೃದ್ಧರೂ ನಾಲ್ಕು ಜನ ಒಟ್ಟಿಗೆ ಮಾತನಾಡುವಲ್ಲಿ ಎಡವುವುದುಂಟು. ಧ್ವನಿಯ ಕಾಲಭೇದಗಳನ್ನು ಮಿದುಳು ಮೊದಲಿನಷ್ಟು ಚುರುಕಾಗಿ ಹಿಡಿಯದಿರುವುದೂ ಇದಕ್ಕೊಂದು ಕಾರಣ. ಹೇಗೇ ಇರಲಿ, ಕಿವಿಯಿಂದ ಬಂದ ತುಂಡು ತುಣುಕುಗಳಿಂದ ಮಾತನ್ನು ಕಟ್ಟಿಕೊಳ್ಳುವ ಹೊರೆ ಮನಸ್ಸಿನ ಮೇಲೆ ಬೀಳುತ್ತದೆ. ಈ ಹೊರೆಗೇ ಶಾಸ್ತ್ರದಲ್ಲಿ ಶ್ರವಣಪ್ರಯಾಸವೆಂದು ಹೆಸರು.

ಈ ಪ್ರಯಾಸವು ಕೇವಲ ಅನಿಸಿಕೆಯಲ್ಲ, ಅದಕ್ಕೆ ನಿಜವಾದ ಬೆಲೆಯುಂಟು ಎಂಬುದನ್ನು ಪ್ಯಾಟ್ರಿಕ್ ರ‍್ಯಾಬಿಟ್ ಅವರು ೧೯೬೮ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿಕೊಟ್ಟಿತು. ಮಿದುಳಿನ ಚಿತ್ರಗಳಿಲ್ಲದ ಕಾಲದ್ದಾದರೂ ಈ ವಿಷಯದಲ್ಲಿ ಅದಕ್ಕಿಂತ ಚೊಕ್ಕವಾದ ಪ್ರಯೋಗ ಅಪರೂಪ. ಕೇಳುಗರಿಗೆ ಅಂಕಿಗಳ ಪಟ್ಟಿಯೊಂದನ್ನು ಎರಡು ಭಾಗವಾಗಿ ಕೇಳಿಸಿದರು. ಮೊದಲ ಭಾಗ ಸ್ವಚ್ಛವಾಗಿತ್ತು. ಎರಡನೆಯ ಭಾಗ ಕೆಲವು ಸಲ ಸ್ವಚ್ಛವಾಗಿಯೂ ಕೆಲವು ಸಲ ಗದ್ದಲದ ನಡುವೆಯೂ ಬರುತ್ತಿತ್ತು. ಎರಡನೆಯ ಭಾಗವು ಗದ್ದಲದಲ್ಲಿ ಬಂದಾಗ ಮೊದಲ ಭಾಗದ ಅಂಕಿಗಳೇ ಮರೆತುಹೋಗುತ್ತಿದ್ದವು. ಆ ಅಂಕಿಗಳ ಶ್ರವಣದಲ್ಲಿ ಯಾವ ಅಡ್ಡಿಯೂ ಇರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕೇಳಿ ಮುಗಿದಿದ್ದ ಮಾತನ್ನು ನೆನಪಿನಲ್ಲಿ ನೆಲೆಗೊಳಿಸಬೇಕಾಗಿದ್ದ ಶಕ್ತಿ ಮುಂದಿನ ಮಾತನ್ನು ಹಿಡಿಯುವುದರಲ್ಲಿ ವ್ಯಯವಾಗಿತ್ತು. ಅವಧಾನವೆಂಬುದು ಮಿತವಾದ ಬಂಡವಾಳ, ಒಂದು ಕಡೆ ಸುರಿದರೆ ಇನ್ನೊಂದು ಕಡೆ ಕೊರತೆ ಬೀಳುತ್ತದೆ ಎಂದು ಡೇನಿಯಲ್ ಕಾಹ್ನೆಮನ್ ಅವರು ೧೯೭೩ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ ಸಿದ್ಧಾಂತಕ್ಕೆ ಈ ಫಲಿತಾಂಶ ಚೆನ್ನಾಗಿ ಹೊಂದುತ್ತದೆ. ಮುಂದೆ ೧೯೯೫ರಲ್ಲಿ ಪಿಕೋರ-ಫುಲ್ಲರ್, ಶ್ನೈಡರ್, ಡೇನ್‌ಮನ್ ಈ ಮೂವರು ತರುಣರನ್ನೂ ವೃದ್ಧರನ್ನೂ ಜೊತೆಗಿಟ್ಟು ಪರೀಕ್ಷಿಸಿದರು. ಪ್ರತಿಯೊಂದು ವಾಕ್ಯದ ಕೊನೆಯ ಪದವನ್ನು ಕೇಳಿದೊಡನೆ ಹೇಳಬೇಕು. ಕೆಲವು ವಾಕ್ಯಗಳಾದ ಮೇಲೆ ಆ ಕೊನೆಯ ಪದಗಳನ್ನೆಲ್ಲ ನೆನೆದು ಒಪ್ಪಿಸಬೇಕು. ಗದ್ದಲ ಹೆಚ್ಚಿದಂತೆ, ಸರಿಯಾಗಿ ಕೇಳಿಸಿಕೊಂಡು ಬಾಯಿಯಿಂದ ಹೇಳಿದ್ದ ಪದಗಳೂ ನೆನಪಿನಿಂದ ಜಾರತೊಡಗಿದವು. ಪದ ಗೊತ್ತಾಯಿತೆ ಎಂಬುದನ್ನು ಮಾತ್ರ ಎಣಿಸುವ ಪರೀಕ್ಷೆಯಲ್ಲಿ ಇಂಥ ನಷ್ಟಕ್ಕೆ ಲೆಕ್ಕವೇ ಇರುವುದಿಲ್ಲ.

ಇಲ್ಲಿಯವರೆಗೆ ವಿವಾದಕ್ಕೆ ಹೆಚ್ಚು ಎಡೆಯಿಲ್ಲ. ತೊಡಕು ಮೊದಲಾಗುವುದು ಮಿದುಳಿನ ಚಿತ್ರಗಳು ಬಂದ ಮೇಲೆ. ತರುಣರು ಒಂದು ಗೋಳಾರ್ಧದ ಮುಂಭಾಗದಿಂದ ಮಾಡುವ ಕೆಲಸವನ್ನು ವೃದ್ಧರು ಎರಡು ಗೋಳಾರ್ಧಗಳಿಂದಲೂ ಮಾಡುತ್ತಾರೆಂದು ರಾಬರ್ಟೊ ಕಬೇಜ಼ ಅವರು ೨೦೦೨ರಲ್ಲಿ ಒಂದು ಮಾದರಿಯನ್ನು ಮುಂದಿಟ್ಟರು. ಅದೇ ವರ್ಷ ಅವರೂ ಸಹೋದ್ಯೋಗಿಗಳೂ ಪ್ರಕಟಿಸಿದ ಸ್ಮರಣೆಯ ಪ್ರಯೋಗದಲ್ಲಿ, ಎರಡೂ ಪಾರ್ಶ್ವಗಳನ್ನು ಬಳಸಿದವರು ಚೆನ್ನಾಗಿ ನೆನಪಿಟ್ಟುಕೊಂಡ ವೃದ್ಧರೇ ಆಗಿದ್ದುದು ಈ ಮಾದರಿಗೆ ಬಲ ತಂದಿತು. ಕೆಲಸ ಸುಲಭವಾಗಿರುವಾಗಲೇ ವೃದ್ಧರ ಮಿದುಳು ಹೆಚ್ಚು ಭಾಗಗಳನ್ನು ತೊಡಗಿಸುತ್ತದೆ, ಕೆಲಸ ಕಠಿನವಾದಂತೆ ತರುಣರಿಗಿಂತ ಬೇಗ ತನ್ನ ಮಿತಿಯನ್ನು ಮುಟ್ಟಿ ಹಿಂಜರಿಯುತ್ತದೆ ಎಂದು ೨೦೦೮ರಲ್ಲಿ ರಾಯ್ಟರ್-ಲೊರೆನ್ಜ಼್ ಮತ್ತು ಕಪೆಲ್ ಹೇಳಿದರು. ೨೦೦೯ರಲ್ಲಿ ವಾಂಗ್ ಮತ್ತು ಸಂಗಡಿಗರು ಈ ವಿಚಾರವನ್ನು ಮಾತಿನ ಶ್ರವಣಕ್ಕೆ ತಂದರು. ಗದ್ದಲದಲ್ಲಿ ಪದಗಳನ್ನು ಗುರುತಿಸುವಾಗ ವೃದ್ಧರ ಶ್ರವಣಪ್ರದೇಶದಲ್ಲಿ ಚಟುವಟಿಕೆ ತಗ್ಗಿತ್ತು, ಸ್ಮರಣೆ ಮತ್ತು ಅವಧಾನಗಳಿಗೆ ಸಂಬಂಧಿಸಿದ ಪ್ರದೇಶಗಳಲ್ಲಿ ಏರಿತ್ತು; ಆ ಏರಿಕೆಗೂ ಅವರ ಯಶಸ್ಸಿಗೂ ಸಂಬಂಧವಿತ್ತು. ಅಲ್ಲಿಂದ ಮುಂದೆ ಸರಿದೂಗಿಕೆ ಎಂಬುದು ಈ ಕ್ಷೇತ್ರದ ಮನೆಮಾತಾಯಿತು.

ನಮ್ಮ ಆಕ್ಷೇಪ ಈ ಸಂಶೋಧನೆಗಳ ಮೇಲಲ್ಲ, ಅವುಗಳಿಂದ ಹುಟ್ಟಿದ ಮಾತಿನ ರೂಢಿಯ ಮೇಲೆ. ವೃದ್ಧನೊಬ್ಬನ ಮಿದುಳಿನಲ್ಲಿ ಚಟುವಟಿಕೆ ಹೆಚ್ಚಾಗಿದ್ದು ಅವನು ಮಾತನ್ನು ಸರಿಯಾಗಿ ಗ್ರಹಿಸಿದರೆ, ಸರಿದೂಗಿಕೆ ನಡೆಯಿತೆನ್ನುತ್ತಾರೆ. ಚಟುವಟಿಕೆ ಹೆಚ್ಚಾಗಿಯೂ ಅವನು ತಪ್ಪಿದರೆ, ಸರಿದೂಗಿಕೆಗೆ ಯತ್ನಿಸಿದನು, ಸಾಲಲಿಲ್ಲವೆನ್ನುತ್ತಾರೆ. ಚಟುವಟಿಕೆಯೇ ಕಡಿಮೆಯಾಗಿದ್ದರೆ, ಶಕ್ತಿ ತೀರಿಹೋಗಿ ಮಿತಿ ಮುಟ್ಟಿತೆನ್ನುತ್ತಾರೆ. ಮೂರು ಫಲಗಳಿಗೂ ಒಂದೇ ವಿವರಣೆ ಒಗ್ಗುವುದಾದರೆ ಅದನ್ನು ಸುಳ್ಳಾಗಿಸಬಲ್ಲ ಫಲ ಯಾವುದು? ರಾಯ್ಟರ್-ಲೊರೆನ್ಜ಼್ ಅವರ ಮಾದರಿಗೆ ನ್ಯಾಯ ಸಲ್ಲಿಸಿ ಹೇಳಬೇಕಾದರೆ, ಅದು ಏರಿಳಿತದ ಒಂದು ನಿರ್ದಿಷ್ಟವಾದ ವಕ್ರರೇಖೆಯನ್ನು ಮುನ್ನುಡಿಯುತ್ತದೆ; ಕಾಠಿನ್ಯದ ಹಲವು ಮೆಟ್ಟಿಲುಗಳಲ್ಲಿ ಅಳೆದರೆ ಅದು ಸರಿಯೋ ತಪ್ಪೋ ಗೊತ್ತಾಗುತ್ತದೆ. ಆದರೆ ಒಂದೇ ಮೆಟ್ಟಿಲಿನಲ್ಲಿ ಅಳೆದು, ಬಂದ ಫಲಕ್ಕೆ ತಕ್ಕಂತೆ ರೇಖೆಯ ಮೇಲೆ ಸ್ಥಾನವನ್ನು ಹುಡುಕಿಕೊಡುವ ಲೇಖನಗಳು ವಿರಳವಲ್ಲ. ಇದು ಜ್ಯೋತಿಷ್ಯದ ದಾರಿಯೇ ಹೊರತು ವಿಜ್ಞಾನದ ದಾರಿಯಲ್ಲ.

ಹೆಚ್ಚು ಚಟುವಟಿಕೆ ಎಂಬುದಕ್ಕೆ ಬೇರೆ ಅರ್ಥಗಳೂ ಇರಬಲ್ಲವು. ೨೦೧೬ರಲ್ಲಿ ಪ್ರೆಸಾಕೊ, ಸೈಮನ್, ಆಂಡರ್ಸನ್ ಇವರು ಮಾತಿನ ಏರಿಳಿತವನ್ನು ಮಿದುಳು ಹೇಗೆ ಅನುಸರಿಸುತ್ತದೆಂಬುದನ್ನು ಅಳೆದರು. ನಡುಮಿದುಳಿನ ಪ್ರತಿಕ್ರಿಯೆ ವೃದ್ಧರಲ್ಲಿ ದುರ್ಬಲವಾಗಿತ್ತು; ಹೊರಪದರದ ಪ್ರತಿಕ್ರಿಯೆ ತರುಣರಿಗಿಂತ ಬಲವಾಗಿತ್ತು. ಬಲವಾದುದು ಒಳ್ಳೆಯದಲ್ಲವೆ ಎಂದರೆ, ಅಲ್ಲವೆನ್ನಬೇಕಾಗುತ್ತದೆ. ನರಕೋಶಗಳು ಒಂದನ್ನೊಂದು ತಡೆಹಿಡಿಯುವ ವ್ಯವಸ್ಥೆ ವಯಸ್ಸಿನೊಡನೆ ಸಡಿಲವಾದರೆ, ಅದೇ ಧ್ವನಿಗೆ ಅಳತೆಮೀರಿದ ಪ್ರತಿಕ್ರಿಯೆ ಹುಟ್ಟಬಹುದು. ಅದು ಸಹಾಯವಲ್ಲ, ಕಡಿವಾಣ ಸಡಿಲವಾದುದರ ಲಕ್ಷಣ. ೨೦೧೮ರಲ್ಲಿ ಮಾರ್ಕಮ್ ಮತ್ತು ಹೆನ್ಸನ್ ಸ್ಮರಣೆಯ ವಿಷಯದಲ್ಲಿ ಇದೇ ಸಂದೇಹವನ್ನು ಎತ್ತಿದರು. ವೃದ್ಧರ ಮಿದುಳಿನ ಮುಂಭಾಗದಲ್ಲಿ ಕಂಡ ಅಧಿಕ ಚಟುವಟಿಕೆಯಲ್ಲಿ ಕೆಲಸಕ್ಕೆ ಉಪಯೋಗವಾಗುವ ಹೆಚ್ಚಿನ ಮಾಹಿತಿ ಏನಾದರೂ ಅಡಗಿದೆಯೆ ಎಂದು ಪರೀಕ್ಷಿಸಿ, ಇಲ್ಲವೆಂಬ ನಿರ್ಣಯಕ್ಕೆ ಬಂದರು. ಅವರದು ಶ್ರವಣದ ಪ್ರಯೋಗವಲ್ಲ. ಆದುದರಿಂದ ಅದನ್ನು ಇಲ್ಲಿಗೆ ಹಾಗೆಯೇ ಎಳೆದು ತರಲಾಗದು. ಅವರು ಕೇಳಿದ ಪ್ರಶ್ನೆಯನ್ನಾದರೂ ತರಬಹುದು.

ಇನ್ನೊಂದು ಕಡೆ, ೨೦೧೧ರಲ್ಲಿ ಪೀಲ್, ಟ್ರೊಯಾನಿ, ಗ್ರಾಸ್‌ಮನ್, ವಿಂಗ್‌ಫೀಲ್ಡ್ ಇವರು ಪ್ರಕಟಿಸಿದ ಫಲ ಪೂರ್ತಿ ವಿರುದ್ಧ ದಿಕ್ಕಿನದು. ವೃದ್ಧರಿಗೆ ವ್ಯಾಕರಣದೃಷ್ಟಿಯಿಂದ ಸರಳವಾದ ಮತ್ತು ತೊಡಕಾದ ವಾಕ್ಯಗಳನ್ನು ಕೇಳಿಸಲಾಯಿತು. ಕಿವಿ ಮಂದವಾದಷ್ಟೂ, ಭಾಷೆಯನ್ನು ಗ್ರಹಿಸುವಾಗ ಮಿದುಳಿನ ಪಾರ್ಶ್ವದ ಶ್ರವಣಭಾಗಗಳಲ್ಲಿಯೂ ಅವುಗಳಿಗೆ ಧ್ವನಿಯನ್ನು ತಲುಪಿಸುವ ಕೆಳಗಿನ ಕೇಂದ್ರಗಳಲ್ಲಿಯೂ ಚಟುವಟಿಕೆ ತಗ್ಗಿತ್ತು. ಶ್ರವಣಶಕ್ತಿ ಕುಂದಿದಂತೆ ಮೂಲ ಶ್ರವಣಪ್ರದೇಶದ ಬೂದುದ್ರವ್ಯವೂ ಕಡಿಮೆಯಿರುವುದನ್ನು ಅವರು ಕಂಡರು. ಶ್ರವಣಹಾನಿ ಇನ್ನೂ ಅಲ್ಪವಾಗಿರುವವರಲ್ಲಿಯೂ ಈ ಸಂಬಂಧ ಕಾಣುವುದೆಂಬುದು ವಿಚಾರಾರ್ಹವಾದ ಅಂಶ. ಇಲ್ಲಿ ಪ್ರಯಾಸ ಹೆಚ್ಚೋ ಕಡಿಮೆಯೋ? ಚಟುವಟಿಕೆಯನ್ನೇ ಪ್ರಯಾಸವೆಂದು ಭಾವಿಸುವವರು ಕಡಿಮೆಯೆನ್ನಬೇಕು. ಆ ವೃದ್ಧರನ್ನೇ ಕೇಳಿದ್ದರೆ ಅವರು ಹಾಗೆ ಹೇಳುತ್ತಿದ್ದರೆಂದು ನಾವು ನಂಬಲಾರೆವು.

ಹಾಗಾದರೆ ಸರಿದೂಗಿಕೆಯೆಂಬುದೇ ಇಲ್ಲವೆ? ಇದೆಯೆಂದು ತೋರಿಸುವ ಒಂದು ಮಾರ್ಗವನ್ನು ವಾಡೆನ್, ಎಕರ್ಟ್ ಮೊದಲಾದವರು ೨೦೧೫ರಲ್ಲಿ ಅನುಸರಿಸಿದರು. ಅದು ಈ ಕ್ಷೇತ್ರಕ್ಕೆ ಮಾದರಿಯಾಗತಕ್ಕದ್ದೆಂದು ನಮ್ಮ ಅಭಿಪ್ರಾಯ. ೫೦ರಿಂದ ೮೧ ವರ್ಷದೊಳಗಿನ ೩೧ ಜನ, ಹಲವರು ಏಕಕಾಲದಲ್ಲಿ ಮಾತನಾಡುವ ಗೊಂದಲದ ನಡುವೆ ಬಿಡಿ ಪದಗಳನ್ನು ಗುರುತಿಸಬೇಕಾಗಿತ್ತು. ಸಂಶೋಧಕರು ಎಲ್ಲರ ಸರಾಸರಿ ಚಟುವಟಿಕೆಯನ್ನು ಎಲ್ಲರ ಸರಾಸರಿ ಅಂಕಗಳ ಪಕ್ಕದಲ್ಲಿಟ್ಟು ತೃಪ್ತರಾಗಲಿಲ್ಲ. ಒಂದು ಪದವಾದ ಮೇಲೆ, ಮುಂದಿನ ಪದ ಬರುವುದಕ್ಕೆ ಮೊದಲು, ತಪ್ಪುಗಳನ್ನು ಗಮನಿಸಿ ಎಚ್ಚರಿಸುವ ಒಂದು ಜಾಲದಲ್ಲಿ ಚಟುವಟಿಕೆ ಎಷ್ಟಿತ್ತೆಂದು ನೋಡಿದರು. ಈ ಜಾಲವು ಮಿದುಳಿನ ಮಧ್ಯರೇಖೆಯ ಮುಂಭಾಗವನ್ನೂ ಪಕ್ಕದ ಮಡಿಕೆಗಳನ್ನೂ ಒಳಗೊಂಡಿರುವುದು. ಅದು ಎಚ್ಚೆತ್ತಿದ್ದರೆ ಮುಂದಿನ ಪದವನ್ನು ಸರಿಯಾಗಿ ಗುರುತಿಸುವ ಸಂಭವ ಹೆಚ್ಚುತ್ತಿತ್ತು. ಹಿಂದಿನ ಪದದಲ್ಲಿ ಗೆದ್ದಿದ್ದರೂ ಸೋತಿದ್ದರೂ, ಗದ್ದಲ ಹೆಚ್ಚಿದ್ದರೂ ಕಡಿಮೆಯಿದ್ದರೂ ಈ ಸಂಬಂಧ ಉಳಿಯಿತು. ಸಹಾಯ ಮೊದಲು, ಫಲ ಆಮೇಲೆ. ಒಬ್ಬನೇ ವ್ಯಕ್ತಿಯಲ್ಲಿ, ಒಂದೊಂದು ಪದದಲ್ಲಿ. ಉಪಯೋಗವಾಯಿತೆಂಬುದಕ್ಕೆ ಇಂಥ ಪುರಾವೆ ಬೇಕು. ಆದರೆ ಇದೇ ಪ್ರಯೋಗದಲ್ಲಿ ಮತ್ತೆರಡು ಅಂಶಗಳಿದ್ದವು: ಈ ಸಹಾಯ ಹೆಚ್ಚಾಗಿ ದೊರೆತದ್ದು ಮೊದಲೇ ಚೆನ್ನಾಗಿ ಗ್ರಹಿಸುತ್ತಿದ್ದವರಿಗೆ, ಮತ್ತು ಹೋಲಿಕೆಗೆ ತೆಗೆದುಕೊಂಡ ೧೮ ಮಂದಿ ತರುಣರಿಗಿಂತ ವೃದ್ಧರಲ್ಲಿ ಅದು ಕಡಿಮೆಯಾಗಿಯೇ ಇತ್ತು. ಸರಿದೂಗಿಕೆ ಇದೆ, ಯಾರಿಗೆ ಅದರ ಅವಶ್ಯಕತೆ ಹೆಚ್ಚೋ ಅವರಿಗೆ ಅದು ದೊರೆಯುವುದು ಕಡಿಮೆ. ಹಿತವಾದ ತೀರ್ಪಿನಲ್ಲಿ ಈ ಮಾತು ಸೇರಿಲ್ಲ.

ಅಳತೆಗೋಲುಗಳ ವಿಷಯದಲ್ಲಿಯೂ ಒಂದೆರಡು ಮಾತು ಹೇಳಬೇಕಾಗಿದೆ. ಮಿದುಳಿನ ಚಿತ್ರವನ್ನು ತೆಗೆಯುವ ಅಯಸ್ಕಾಂತ ಯಂತ್ರದ ಸದ್ದು ೧೦೦ ಡೆಸಿಬಲ್‌ಗೂ ಮೀರಬಲ್ಲದು. ಗದ್ದಲದಲ್ಲಿ ಮಾತು ಹೇಗೆ ತಿಳಿಯುತ್ತದೆಂಬುದನ್ನು ಅರಿಯಲು ವೃದ್ಧರನ್ನು ಅದಕ್ಕಿಂತ ದೊಡ್ಡ ಗದ್ದಲದೊಳಗೆ ಮಲಗಿಸುವುದು ಈ ಶಾಸ್ತ್ರದ ಒಂದು ವಿನೋದ. ರಕ್ತದ ಪ್ರತಿಕ್ರಿಯೆ ಕೆಲವು ಸೆಕೆಂಡು ತಡವಾಗಿ ಬರುವುದರಿಂದ, ಮಾತನ್ನು ಮೌನದಲ್ಲಿ ಕೇಳಿಸಿ ಅನಂತರ ಚಿತ್ರ ತೆಗೆಯುವ ಉಪಾಯವುಂಟು. ವಾಡೆನ್ ಅವರ ಗುಂಪು ಅದನ್ನೇ ಬಳಸಿತು. ಆದರೂ ಯಂತ್ರ ಅಳೆಯುವುದು ನರಕೋಶವನ್ನಲ್ಲ, ರಕ್ತದ ಸ್ಥಿತಿಯನ್ನು, ರಕ್ತನಾಳಗಳಿಗೂ ವಯಸ್ಸಾಗುತ್ತದೆ. ಕಣ್ಣಿನ ಪಾಪೆಯ ಹಿಗ್ಗುವಿಕೆಯನ್ನು ಪ್ರಯಾಸದ ಗುರುತಾಗಿ ಹಿಡಿಯುವವರಿಗೆ ಎರಡು ಕಷ್ಟಗಳಿವೆ. ವಯಸ್ಸಾದವರ ಪಾಪೆ ಚಿಕ್ಕದಾಗಿದ್ದು ಹಿಗ್ಗುವ ಅವಕಾಶವೂ ಕಡಿಮೆ, ಇದು ಮೊದಲನೆಯದು. ಮಾತು ತೀರ ಅಸ್ಪಷ್ಟವಾದಾಗ ಕೇಳುಗನು ಪ್ರಯತ್ನವನ್ನೇ ಕೈಬಿಡುತ್ತಾನೆ, ಆಗ ಪಾಪೆ ಮತ್ತೆ ಕುಗ್ಗುತ್ತದೆ. ಕುಗ್ಗಿದ ಪಾಪೆಯಿಂದ ಕೆಲಸ ಸುಲಭವಾಯಿತೋ ಆಸೆಯೇ ಹೋಯಿತೋ ಹೇಳಲಾಗದು, ಇದು ಎರಡನೆಯದು. ಇನ್ನು ಕೇಳುಗರ ಸ್ವಂತ ಹೇಳಿಕೆ. ಅದು ಪಾಪೆಯೊಡನೆಯೂ ಸ್ಮರಣೆಯ ಅಂಕಗಳೊಡನೆಯೂ ಅನೇಕ ವೇಳೆ ಹೊಂದುವುದಿಲ್ಲ. ಪ್ರಯಾಸದ ವಿವಿಧ ಅಳತೆಗಳು ಒಂದೇ ವಸ್ತುವನ್ನು ಅಳೆಯುವುದಿಲ್ಲವೆಂದು ಅಲ್‌ಹನ್‌ಬಾಲಿ ಮತ್ತು ಜೊತೆಗಾರರು ೨೦೧೯ರಲ್ಲಿ ತೋರಿಸಿದರು.

೨೦೧೬ರಲ್ಲಿ ಪಿಕೋರ-ಫುಲ್ಲರ್ ಮತ್ತು ಅನೇಕ ವಿದ್ವಾಂಸರು ಒಂದುಗೂಡಿ, ಡೆನ್ಮಾರ್ಕಿನ ಎರಿಕ್ಸ್‌ಹೋಮ್‌ನಲ್ಲಿ ಹಿಂದಿನ ವರ್ಷ ನಡೆದ ಚರ್ಚೆಯ ಫಲವಾಗಿ, ಪ್ರಯಾಸಕ್ಕೊಂದು ಲಕ್ಷಣವನ್ನು ನಿರೂಪಿಸಿದರು. ಗುರಿಯ ದಾರಿಯಲ್ಲಿ ಬರುವ ಅಡ್ಡಿಗಳನ್ನು ದಾಟಲು ಮನಸ್ಸಿನ ಸಂಪತ್ತನ್ನು ಉದ್ದೇಶಪೂರ್ವಕವಾಗಿ ವಿನಿಯೋಗಿಸುವುದೇ ಪ್ರಯಾಸವೆಂಬುದು ಅದರ ತಾತ್ಪರ್ಯ. ಕೇಳುಗನಿಗೆ ಆ ಮಾತು ಬೇಕೆನಿಸಬೇಕು ಎಂಬ ಅಂಶವನ್ನು ಶಾಸ್ತ್ರದೊಳಕ್ಕೆ ತಂದುದು ಇವರ ದೊಡ್ಡ ಉಪಕಾರ. ಆದರೆ ಈ ಲಕ್ಷಣವನ್ನು ಒಪ್ಪಿದವರು ಉದ್ದೇಶವಿಲ್ಲದೆ ತಾನಾಗಿ ಏರುವ ಚಟುವಟಿಕೆಯನ್ನು ಪ್ರಯಾಸವೆಂದು ಕರೆಯುವಂತಿಲ್ಲ. ಪ್ರೆಸಾಕೊ ಅವರು ಕಂಡ ಅತಿರೇಕದ ಪ್ರತಿಕ್ರಿಯೆ ಪ್ರಯಾಸವಲ್ಲ. ವಾಡೆನ್ ಅವರು ಕಂಡದ್ದು ಬಹುಶಃ ಪ್ರಯಾಸ. ಲಕ್ಷಣವನ್ನು ಪೀಠಿಕೆಯಲ್ಲಿ ಉದ್ಧರಿಸಿ ಫಲಿತಾಂಶದ ಭಾಗಕ್ಕೆ ಬರುವಷ್ಟರಲ್ಲಿ ಮರೆಯುವುದು ಸಾಮಾನ್ಯವಾಗಿಬಿಟ್ಟಿದೆ.

ಇದೆಲ್ಲ ಪಾರಿಭಾಷಿಕರ ಜಗಳವೆಂದು ವಿದ್ಯಾರ್ಥಿಗಳು ಭಾವಿಸಬಾರದು. ಬರ್ಲಿನ್ನಿನಲ್ಲಿ ೭೦ರಿಂದ ೧೦೩ ವರ್ಷದೊಳಗಿನ ೧೫೬ ಜನರನ್ನು ಪರೀಕ್ಷಿಸಿ ಲಿಂಡೆನ್‌ಬರ್ಗರ್ ಮತ್ತು ಬಾಲ್ಟೆಸ್ ೧೯೯೪ರಲ್ಲಿ ಪ್ರಕಟಿಸಿದ ಫಲ ಪ್ರಸಿದ್ಧವಾಗಿದೆ: ವಯಸ್ಸಿಗೆ ಸಂಬಂಧಿಸಿದ ಬುದ್ಧಿಶಕ್ತಿಯ ವ್ಯತ್ಯಾಸದಲ್ಲಿ ಶೇಕಡ ೯೩ರಷ್ಟು ಭಾಗಕ್ಕೆ ದೃಷ್ಟಿ ಮತ್ತು ಶ್ರವಣಗಳ ತೀಕ್ಷ್ಣತೆಯ ವ್ಯತ್ಯಾಸವೇ ಲೆಕ್ಕ ಕೊಡುತ್ತಿತ್ತು. ಇಂದ್ರಿಯವೂ ಬುದ್ಧಿಯೂ ಒಂದೇ ಕಾರಣದಿಂದ ಕುಂದುತ್ತವೆಯೋ, ಇಂದ್ರಿಯ ಕುಂದಿದುದರಿಂದ ಬುದ್ಧಿ ಕುಂದಿದಂತೆ ಕಾಣುತ್ತದೆಯೋ? ತರುಣರಿಗೆ ಗದ್ದಲದಲ್ಲಿ ಪದಗಳನ್ನು ಕೇಳಿಸಿದರೆ ಅವರ ಸ್ಮರಣೆ ಮೌನದಲ್ಲಿ ಕೇಳಿದ ವೃದ್ಧರ ಸ್ಮರಣೆಯನ್ನು ಹೋಲುತ್ತದೆಂದು ಮರ್ಫಿ, ಕ್ರೇಕ್ ಮೊದಲಾದವರು ೨೦೦೦ದಲ್ಲಿ ಕಂಡರು. ಇದಕ್ಕೆದುರಾಗಿ, ಮಧ್ಯವಯಸ್ಕರ ದೃಷ್ಟಿ ಶ್ರವಣಗಳನ್ನು ಕೃತಕವಾಗಿ ಮಂದಗೊಳಿಸಿದರೆ ಅವರ ಬುದ್ಧಿಪರೀಕ್ಷೆಯ ಅಂಕಗಳು ಇಳಿಯಲಿಲ್ಲವೆಂದು ಲಿಂಡೆನ್‌ಬರ್ಗರ್ ಅವರೇ ಸಹೋದ್ಯೋಗಿಗಳೊಡನೆ ೨೦೦೧ರಲ್ಲಿ ವರದಿ ಮಾಡಿದರು. ಎರಡೂ ನಿಜವಿರಬಹುದು: ಕೆಲವು ಗಂಟೆಗಳ ಮಂದಶ್ರವಣವೂ ಇಪ್ಪತ್ತು ವರ್ಷಗಳ ಮಂದಶ್ರವಣವೂ ಒಂದೇ ಅಲ್ಲ. ಆದರೆ ಪದಗಳ ಪಟ್ಟಿಯನ್ನು ಬಾಯಿಯಿಂದ ಓದಿ ಹೇಳಿ, ಐದು ನಿಮಿಷದ ಅನಂತರ ಎಷ್ಟು ನೆನಪಿದೆಯೆಂದು ಕೇಳಿ, ಮರೆವಿನ ರೋಗವಿದೆಯೋ ಇಲ್ಲವೋ ಎಂದು ನಿರ್ಧರಿಸುವ ಪರೀಕ್ಷಕನು ರ‍್ಯಾಬಿಟ್ ಅವರ ಅಂಕಿಗಳನ್ನು ನೆನೆಯದೆ ಇರಬಾರದು. ಆ ಪಟ್ಟಿಯನ್ನು ಪೂರ್ತಿ ಕೇಳಿಸಿಕೊಂಡು ಒಪ್ಪಿಸಿದ ವೃದ್ಧನು ಕೂಡ ಅದನ್ನು ನೆನಪಿಗೆ ಸಲ್ಲಬೇಕಾದ ಬಂಡವಾಳದಿಂದ ಕೊಂಡಿರಬಹುದು. ಶ್ರವಣೋಪಕರಣದಿಂದ ಬುದ್ಧಿಯ ಇಳಿತ ತಗ್ಗುವುದೆ ಎಂದು ಅಮೆರಿಕದಲ್ಲಿ ೯೭೭ ವೃದ್ಧರೊಡನೆ ನಡೆದು ೨೦೨೩ರಲ್ಲಿ ಪ್ರಕಟವಾದ ಮೂರು ವರ್ಷಗಳ ಪ್ರಯೋಗವೂ ಇಬ್ಬಗೆಯ ಉತ್ತರವನ್ನೇ ಕೊಟ್ಟಿತು. ಒಟ್ಟು ಗುಂಪಿನಲ್ಲಿ ಭೇದ ಕಾಣಲಿಲ್ಲ. ಅಪಾಯ ಹೆಚ್ಚಾಗಿದ್ದ ಒಂದು ಪಂಗಡದಲ್ಲಿ ಇಳಿತ ಶೇಕಡ ೪೮ರಷ್ಟು ತಗ್ಗಿತ್ತು.

ಕೊನೆಯದಾಗಿ ನಮ್ಮ ಭಾಷೆಯ ವಿಚಾರ. ಮೇಲೆ ಹೇಳಿದ ವಾಕ್ಯಪ್ರಯೋಗಗಳು ಇಂಗ್ಲಿಷಿನಲ್ಲಿ ನಡೆದವು. ಪೀಲ್ ಅವರ ಸರಳ ವಾಕ್ಯಕ್ಕೂ ತೊಡಕಿನ ವಾಕ್ಯಕ್ಕೂ ಇದ್ದ ಭೇದ ಪದಗಳ ಅನುಕ್ರಮದ್ದು. ನೋಡಿದವರಾರು, ನೋಡಲ್ಪಟ್ಟವರಾರು ಎಂಬುದು ಇಂಗ್ಲಿಷಿನಲ್ಲಿ ಪದದ ಸ್ಥಾನದಿಂದ ತಿಳಿಯುತ್ತದೆ. ಕನ್ನಡದಲ್ಲಿ ‘ಹುಡುಗಿಯನ್ನು ನೋಡಿದ ಹುಡುಗ’ ಮತ್ತು ‘ಹುಡುಗಿ ನೋಡಿದ ಹುಡುಗ’ ಎಂಬೆರಡರಲ್ಲಿ ಅನುಕ್ರಮ ಒಂದೇ; ಅರ್ಥವೆಲ್ಲ ‘ಅನ್ನು’ ಎಂಬ ಪ್ರತ್ಯಯದ ಮೇಲೆ ನಿಂತಿದೆ. ಆಡುಮಾತಿನಲ್ಲಿ ಅದೂ ಸವೆದು ‘ಹುಡುಗೀನ ನೋಡಿದ’ ಎಂದಾಗಿ, ಉಳಿದ ನಕಾರ ಮುಂದಿನ ಪದದ ನಕಾರದಲ್ಲಿ ಕರಗಿಹೋಗುತ್ತದೆ. ಇಂಗ್ಲಿಷಿನ ಕೇಳುಗನಿಗೆ ಸ್ಮರಣೆಯ ಹೊರೆಯಾದದ್ದು ಕನ್ನಡದ ಕೇಳುಗನಿಗೆ ಕಿವಿಯ ಹೊರೆಯಾಗುತ್ತದೆ. ಹಾಗೆಯೇ ನಮ್ಮ ವಾಕ್ಯದ ಕ್ರಿಯಾಪದ ಕೊನೆಯಲ್ಲಿ ಬರುವುದು. ಬಂದವನಾರು, ಬಂದನೋ ಬರಲಿಲ್ಲವೋ ಎಂಬ ನಿರ್ಣಯವೆಲ್ಲ, ದನಿ ಸಾಮಾನ್ಯವಾಗಿ ತಗ್ಗುವ ಆ ತುದಿಯಲ್ಲಿಯೇ ಕೂಡಿಕೊಂಡಿರುತ್ತದೆ. ೧೯೭೭ರಲ್ಲಿ ಕ್ಯಾಲಿಕೊ, ಸ್ಟೀವನ್ಸ್, ಎಲಿಯಟ್ ಇವರು ರಚಿಸಿದ ಪ್ರಸಿದ್ಧ ಇಂಗ್ಲಿಷ್ ಪರೀಕ್ಷೆಯಲ್ಲಿ ಸಂದರ್ಭದಿಂದ ಊಹಿಸಬೇಕಾದ ಕೊನೆಯ ಪದ ಒಂದು ನಾಮಪದ. ಅದರ ಅನುಕರಣೆಯಿಂದ ಕನ್ನಡದ ವಾಕ್ಯಗಳನ್ನು ಕಟ್ಟಿದರೆ ಕ್ರಿಯಾಪದದ ಧಾತುವನ್ನು ಊಹಿಸಬಹುದು; ಅದರ ಪ್ರತ್ಯಯವನ್ನು ಊಹಿಸಲು ಅನೇಕ ವೇಳೆ ಆಧಾರವೇ ಇರುವುದಿಲ್ಲ. ೧೯೬೫ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಗದ್ದಲದ ನಡುವಿನ ಶ್ರವಣಕ್ಕಾಗಿ ಕನ್ನಡದ ವಾಕ್ಯಪಟ್ಟಿಗಳು ಸಿದ್ಧವಾಗಿವೆ. ಅವುಗಳಿಂದ ವೃದ್ಧರನ್ನು ಪರೀಕ್ಷಿಸುವಾಗ, ಪದಗಳನ್ನು ಎಣಿಸುವುದರ ಜೊತೆಗೆ ತಪ್ಪಿದ ಪದದಲ್ಲಿ ತಪ್ಪಿದುದು ಧಾತುವೋ ಪ್ರತ್ಯಯವೋ ಎಂದು ಬೇರೆಬೇರೆಯಾಗಿ ಗುರುತುಹಾಕುವುದಕ್ಕೆ ಮಿದುಳಿನ ಚಿತ್ರ ಬೇಕಿಲ್ಲ. ಒಂದು ಕಾಗದವೂ ಪೆನ್ಸಿಲೂ ಸಾಕು.